ಹೈವೇಯಲ್ಲಿ ದುಡ್ಡು ಜಪ್ತಿ, ಕೇಸ್ ಮಾತ್ರ ಇಲ್ಲ: ಅಮೆರಿಕದಲ್ಲಿರುವವರು ಸ್ವಲ್ಪ ದಾರಿ ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಅಮೆರಿಕದಲ್ಲಿ ಸಣ್ಣದೊಂದು ಕೇಟರಿಂಗ್ ನಡೆಸುತ್ತಾರೆ. ಸೀಮಂತ, ನಾಮಕರಣ, ಯುಗಾದಿ ಊಟ, ಹೀಗೆ. ಹಳೇ ಫುಡ್ ಟ್ರಕ್ ಒಂದು ಮಾರಾಟಕ್ಕಿದೆ ಅಂತ ಪಕ್ಕದ ರಾಜ್ಯಕ್ಕೆ ಹೊರಟಿದ್ದರು. ಕ್ಯಾಶ್ ಕೊಟ್ಟರೆ ರೇಟು ಇಳಿಸ್ತೀನಿ ಅಂತ ಮಾರುವವನು ಹೇಳಿದ್ದ. ಬ್ಯಾಂಕಿನಿಂದ ತೆಗೆದದ್ದು, ವ್ಯಾಪಾರದಲ್ಲಿ ಬಂದದ್ದು ಎಲ್ಲ ಸೇರಿ 23,000 ಡಾಲರ್ ಬ್ಯಾಗಿನಲ್ಲಿತ್ತು.

ಹೈವೇಯಲ್ಲಿ ಪೊಲೀಸರು ಕಾರು ನಿಲ್ಲಿಸಿದರು. ಮುಂದಿನ ಗಾಡಿಗೆ ತೀರಾ ಹತ್ತಿರ ಓಡಿಸುತ್ತಿದ್ದೀರಿ ಅನ್ನೋದು ಕಾರಣ. ಲೈಸೆನ್ಸು, ಇನ್ಶೂರೆನ್ಸು ನೋಡಿದರು. ಎಲ್ಲಿಗೆ, ಯಾಕೆ, ಯಾರ ಹತ್ತಿರ ಅಂತ ಕೇಳಿದರು. ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಅನ್ನುವಷ್ಟರಲ್ಲಿ, "ಕಾರಲ್ಲಿ ಆಯುಧ, ಡ್ರಗ್ಸ್, ದೊಡ್ಡ ಮೊತ್ತದ ಕ್ಯಾಶ್ ಏನಾದರೂ ಇದೆಯಾ? ಒಂದ್ಸಲ ನೋಡಬಹುದಾ?" ಅಂದರು. ಮುಚ್ಚಿಡೋಕೆ ಏನಿದೆ ಅಂತ ಭಾವ ಹೂಂ ಅಂದರು. ಬ್ಯಾಗು ಸಿಕ್ಕಿತು. ನಾಯಿ ಕರೆಸಿದರು. ನಾಯಿ ಬ್ಯಾಗಿನ ಹತ್ತಿರ ಕೂತಿತು. ಇದು ಡ್ರಗ್ಸ್ ದುಡ್ಡು ಅಂತ ಎತ್ತಿಕೊಂಡು ಹೋದರು. ಕೈಗೆ ಒಂದು ರಸೀದಿ ಕೊಟ್ಟರು. ಅದರಲ್ಲಿ ಮೊತ್ತವೂ ಇಲ್ಲ, "ಎಣಿಸದ ಯು.ಎಸ್. ಕರೆನ್ಸಿ" ಅಂತಷ್ಟೇ ಇದೆ. ಡ್ರಗ್ಸ್ ಸಿಗಲಿಲ್ಲ. ಬಂಧನ ಇಲ್ಲ, ಕೇಸ್ ಇಲ್ಲ, ಟ್ರಾಫಿಕ್ ದಂಡವೂ ಇಲ್ಲ.

ಈಗ ಒಂದು ಫೆಡರಲ್ ಇಲಾಖೆಯಿಂದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯಿಂದ, ಪತ್ರ ಬಂದಿದೆ. ಆ ದುಡ್ಡನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುತ್ತದಂತೆ. ಭಾವನ ಮೇಲೆ ಆರೋಪವೇ ಇಲ್ಲ, ದುಡ್ಡಿನ ಮೇಲೆ ಆರೋಪ. ಅಕ್ಕ ದಿನಾ ಫೋನಿನಲ್ಲಿ ಅಳುತ್ತಾಳೆ. ಭಾವನದು ಒಂದೇ ಮಾತು: "ಹೋದ್ರೆ ಹೋಗ್ಲಿ, ಗ್ರೀನ್ ಕಾರ್ಡಿಗೆ ಕುತ್ತು ಬಂದರೆ ಕಷ್ಟ." ಸುಮ್ಮಸುಮ್ಮನೆ ತಪಾಸಣೆ ಮಾಡುವಂತಿಲ್ಲ ಅಂತ ಅಮೆರಿಕದ ಸಂವಿಧಾನದಲ್ಲೇ ಇದೆ ಅಲ್ವಾ? ಹಾಗಿದ್ದ ಮೇಲೆ ಇದು ಹೇಗೆ ನಡೆಯುತ್ತದೆ? ಬಲ್ಲವರು ಬಿಡಿಸಿ ಹೇಳಿ.

ಕರಿಕೋಟು:

ಬೇರೆಲ್ಲ ಆಮೇಲೆ. ಮೊದಲು ಆ ಪತ್ರ ಕೈಗೆತ್ತಿಕೊಂಡು ಗಡುವಿನ ದಿನಾಂಕ ನೋಡಿ.

ನಾನು ಇಲ್ಲಿ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಫೈಲುಗಳು ನಮ್ಮಲ್ಲಿಗೆ ಬರುತ್ತವೆ. ದುಡ್ಡು ಕಳೆದುಕೊಂಡವರಲ್ಲಿ ಬಹಳ ಜನ ಕೋರ್ಟಿನಲ್ಲಿ ಸೋತವರಲ್ಲ, ಕೋರ್ಟಿನ ತನಕ ಹೋಗದೇ ಇದ್ದವರು. ಗಡುವಿನೊಳಗೆ ಯಾರೂ ಇದು ನಂದು ಅಂತ ಕ್ಲೇಮ್ ಹಾಕದಿದ್ದರೆ ಜಡ್ಜ್ ಮುಂದೆ ಹೋಗುವ ಪ್ರಶ್ನೆಯೇ ಇಲ್ಲ. ಇಲಾಖೆಯೇ ಕಾಗದದಲ್ಲಿ ಬರೆದು ಮುಗಿಸಿಬಿಡುತ್ತದೆ.

2000ದಲ್ಲಿ ಸಿವಿಲ್ ಅಸೆಟ್ ಫಾರ್ಫೀಚರ್ ರಿಫಾರ್ಮ್ ಆ್ಯಕ್ಟ್ ಬಂತು. ಎಲ್ಲರೂ ಕಾಫ್ರಾ ಅಂತಾರೆ. ಸಿವಿಲ್ ಫಾರ್ಫೀಚರ್ ಅಂದರೆ ಮನುಷ್ಯನ ಮೇಲೆ ಕ್ರಿಮಿನಲ್ ಕೇಸ್ ಇಲ್ಲದೆಯೂ ಆಸ್ತಿಯನ್ನೇ ಮುಟ್ಟುಗೋಲು ಹಾಕೋದು. ಅದರ ಪ್ರಕಾರ ಫೆಡರಲ್ ಇಲಾಖೆ ತಾನೇ ಜಪ್ತಿ ಮಾಡಿದ್ದರೆ 60 ದಿನದೊಳಗೆ ನೋಟಿಸ್ ಕಳಿಸಬೇಕು. ಸ್ಥಳೀಯ ಪೊಲೀಸರು ಹಿಡಿದು ಫೆಡರಲ್‌ಗೆ ಒಪ್ಪಿಸಿದ್ದರೆ 90 ದಿನ. ಕ್ಲೇಮ್ ಹಾಕಲು ನೋಟಿಸ್ ಅಂಚೆಗೆ ಹಾಕಿದ ದಿನದಿಂದ ಕಡಿಮೆಯೆಂದರೆ 35 ದಿನ ಕೊಡಬೇಕು. ಕೈಗೆ ಸಿಕ್ಕ ದಿನದಿಂದ ಅಲ್ಲ, ಅಂಚೆಗೆ ಹಾಕಿದ ದಿನದಿಂದ. ಪತ್ರದಲ್ಲಿ ಕೊನೇ ದಿನಾಂಕ ಅಚ್ಚಾಗಿರುತ್ತದೆ, ಅದನ್ನೇ ಹಿಡಿಯಿರಿ. ಕ್ಲೇಮ್ ಅಂದರೆ ದೊಡ್ಡ ಅರ್ಜಿಯೇನಲ್ಲ. ಯಾವ ಆಸ್ತಿ, ಅದರಲ್ಲಿ ನಿಮಗೇನು ಹಕ್ಕು, ಇಷ್ಟನ್ನು ಪ್ರಮಾಣ ಮಾಡಿ ಬರೆದು ಸಹಿ ಹಾಕಬೇಕು. ಮುಂಚೆ ಇದಕ್ಕೂ ಠೇವಣಿ ಕಟ್ಟಬೇಕಿತ್ತು, ಕಾಫ್ರಾ ಬಂದ ಮೇಲೆ ಅದು ಹೋಯಿತು.

ಕ್ಲೇಮ್ ತಲುಪಿದ ಮೇಲೆ ಸರ್ಕಾರಕ್ಕೆ 90 ದಿನ ಇರುತ್ತದೆ. ಅಷ್ಟರೊಳಗೆ ಕೋರ್ಟಿನಲ್ಲಿ ದಾವೆ ಹೂಡಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು.

ಇನ್ನೊಂದು ಮಾತು. ಪತ್ರದಲ್ಲಿ ಎರಡು ದಾರಿ ಬರೆದಿರುತ್ತಾರೆ. ಒಂದು ಕ್ಲೇಮ್. ಇನ್ನೊಂದು "ಪಿಟಿಷನ್ ಫಾರ್ ರೆಮಿಷನ್". ಎರಡನೆಯದನ್ನು ಓದಿದರೆ ಸಲೀಸು ಅನ್ನಿಸುತ್ತದೆ. ಆದರೆ ಅದು ದಯಾಭಿಕ್ಷೆ. ದುಡ್ಡು ಹಿಡಿದ ಇಲಾಖೆಯೇ ಕೂತು ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತದೆ. ಕ್ಲೇಮ್ ಹಾಕಿದರೆ ಮಾತ್ರ ವಿಷಯ ಜಡ್ಜ್ ಹತ್ತಿರ ಹೋಗುತ್ತದೆ. ಹೆಸರು ನೋಡಿ ಅದನ್ನೇ ಟಿಕ್ ಮಾಡಿ ಕೂತವರನ್ನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕ್ಲೇಮಿನಲ್ಲಿ ಕಥೆಯೆಲ್ಲ ಬರೆಯಬೇಡಿ. ಬರೆದದ್ದು ಮುಂದೆ ಕ್ರಿಮಿನಲ್ ಕೇಸಿನಲ್ಲಿ ಎದುರಿಗೆ ಬರಬಹುದು. ಸಹಿ ಮಾಡುವ ಮುಂಚೆ ಫಾರ್ಫೀಚರ್ ಗೊತ್ತಿರುವ ವಕೀಲರಿಗೆ ತೋರಿಸಿ. ಗ್ರೀನ್ ಕಾರ್ಡ್ ಭಯ ಇದ್ದರೆ ಇಮಿಗ್ರೇಷನ್ ವಕೀಲರನ್ನೂ ಒಂದು ಮಾತು ಕೇಳಿ.

ತುಂಗಾತೀರ:

ತುಂಬಾ ಉಪಕಾರ ಆಯ್ತು ಸರ್. ಗಡುವು ಇನ್ನೂ ದಾಟಿಲ್ಲ. ಭಾವ ಆ ಪಿಟಿಷನ್ ಫಾರಂ ಅರ್ಧ ತುಂಬಿಸಿಟ್ಟಿದ್ದರಂತೆ. ನಿಲ್ಲಿಸಿ ಅಂತ ಹೇಳಿದೆ.

ಹಳೇಮೈಸೂರು:

ದುಡ್ಡಿನ ಮೇಲೆ ಹೇಗೆ ಆರೋಪ ಹೊರಿಸುತ್ತಾರೆ ಅಂತ ಕೇಳಿದಿರಲ್ಲ, ಅದಕ್ಕೆ ಹಿಂದಿನ ಕಥೆ ಗೊತ್ತಿರಬೇಕು.

ಇದು ಹಡಗುಗಳ ಕಾಲದ ಕಾನೂನು. ಕಳ್ಳಸಾಗಣೆ ಹಡಗು ಬಂದರಿನಲ್ಲಿ ಸಿಕ್ಕಿಬಿದ್ದಿದೆ, ಮಾಲೀಕ ಸಮುದ್ರದ ಆಚೆ ಎಲ್ಲೋ ಇದ್ದಾನೆ. ಅವನನ್ನು ಎಳೆದು ತರಲು ಆಗಲ್ಲ. ಅದಕ್ಕೆ ಹಡಗನ್ನೇ ಪ್ರತಿವಾದಿ ಮಾಡಿದರು. 1768ರಲ್ಲಿ ಬ್ರಿಟಿಷರು ಬಾಸ್ಟನ್‌ನಲ್ಲಿ ಜಾನ್ ಹ್ಯಾನ್‌ಕಾಕ್‌ನ 'ಲಿಬರ್ಟಿ' ಹಡಗನ್ನು ಹಿಡಿದಾಗ ಊರಿಗೆ ಊರೇ ದಂಗೆ ಎದ್ದಿತ್ತು. ಅದಕ್ಕೂ ಮೊದಲು, 1761ರಲ್ಲಿ, ಅದೇ ಬಾಸ್ಟನ್‌ನಲ್ಲಿ ಜೇಮ್ಸ್ ಓಟಿಸ್ ಅನ್ನುವ ವಕೀಲ 'ರಿಟ್ಸ್ ಆಫ್ ಅಸಿಸ್ಟೆನ್ಸ್' ವಿರುದ್ಧ ವಾದ ಮಾಡಿದ್ದ. ಅದೊಂದು ಖಾಲಿ ವಾರಂಟ್. ಯಾರ ಮನೆ, ಏನು ಹುಡುಕುತ್ತೀರಿ, ಏನೂ ಬರೆಯಬೇಕಿಲ್ಲ. ಸುಂಕದ ಅಧಿಕಾರಿ ಯಾವ ಬಾಗಿಲನ್ನು ಬೇಕಾದರೂ ತಟ್ಟಬಹುದಿತ್ತು.

ಆ ಸಿಟ್ಟಿನಿಂದ ಹುಟ್ಟಿದ್ದು ನಾಲ್ಕನೇ ತಿದ್ದುಪಡಿ. 1791ರಲ್ಲಿ ಜಾರಿಗೆ ಬಂತು. ಜನರ ಮೈ, ಮನೆ, ಕಾಗದಪತ್ರ, ಸಾಮಾನು ಇವುಗಳ ಮೇಲೆ ಅಕಾರಣ ಶೋಧ, ಜಪ್ತಿ ಕೂಡದು. ವಾರಂಟ್ ಬೇಕೆಂದರೆ ಬಲವಾದ ಕಾರಣ ಇರಬೇಕು, ಪ್ರಮಾಣ ಮಾಡಿ ಹೇಳಬೇಕು, ಯಾವ ಜಾಗ, ಯಾವ ವಸ್ತು ಅಂತ ಬಿಡಿಸಿ ಬರೆಯಬೇಕು.

ನನಗೆ ಬೇಜಾರಾಗೋದು ಇದಕ್ಕೇ. ಖಾಲಿ ವಾರಂಟನ್ನು ಬೇಡ ಅಂದವರೇ ಹಡಗು ಹಿಡಿಯುವ ಕಾನೂನನ್ನು ಹಾಗೇ ಉಳಿಸಿಕೊಂಡರು. ಎರಡೂ ಒಂದೇ ನೆಲದಲ್ಲಿ ಬೆಳೆದವು. ಈಗಲೂ ಕೇಸಿನ ಹೆಸರು ನೋಡಿದರೆ ಗೊತ್ತಾಗುತ್ತದೆ, "ಯುನೈಟೆಡ್ ಸ್ಟೇಟ್ಸ್ ವರ್ಸಸ್ 1,24,700 ಡಾಲರ್" ಅಂತ ಇರುತ್ತದೆ. ದುಡ್ಡಿಗೆ ಬಾಯಿ ಇಲ್ಲ, ವಕೀಲನ ಹಕ್ಕೂ ಇಲ್ಲ. ಆರೋಪಿ ಮನುಷ್ಯನಾಗಿದ್ದರೆ ಬಡವನಿಗೆ ಸರ್ಕಾರವೇ ವಕೀಲ ಕೊಡಬೇಕಿತ್ತು. ಇಲ್ಲಿ ಮಾಲೀಕ ತನ್ನ ಕೈಯಿಂದ ಖರ್ಚು ಮಾಡಿ ಓಡಾಡಬೇಕು. ವಾಸದ ಮನೆಗೇ ಕೈ ಹಾಕಿದಂಥ ಕೆಲವು ಸಂದರ್ಭಗಳಲ್ಲಿ ಕಾಫ್ರಾದಲ್ಲಿ ಸ್ವಲ್ಪ ಅನುಕೂಲ ಇದೆ.

ಕರಿಕೋಟು:

ಹಳೇಮೈಸೂರು ಅವರು ಹೇಳಿದ ಆ 1,24,700 ಡಾಲರ್ ಕೇಸನ್ನು ತುಂಗಾತೀರ ಅವರು ಓದಲೇಬೇಕು, ನಿಮ್ಮ ಭಾವನ ಕಥೆಗೆ ಬಹಳ ಹತ್ತಿರ.

2003ರಲ್ಲಿ ನೆಬ್ರಾಸ್ಕಾದಲ್ಲಿ ಇಂಟರ್‌ಸ್ಟೇಟ್ 80ರ ಮೇಲೆ ಸ್ಪೀಡಿಂಗ್ ಅಂತ ಕಾರು ನಿಲ್ಲಿಸಿದರು. ಬಾಡಿಗೆ ಕಾರು. ಕೂಲರ್ ಪೆಟ್ಟಿಗೆಯಲ್ಲಿ ದುಡ್ಡು ಇತ್ತು. ಡ್ರಗ್ಸ್ ಇರಲಿಲ್ಲ. ರೆಫ್ರಿಜರೇಟೆಡ್ ಟ್ರಕ್ ಕೊಳ್ಳಲು ಒಂದಷ್ಟು ಜನ ಸೇರಿ ಹಾಕಿದ ಹಣ ಅಂತ ಅವರು ಹೇಳಿದರು. ಕೆಳಗಿನ ಕೋರ್ಟು ನಂಬಿತು, ವಾಪಸ್ ಕೊಡಿ ಅಂತು. 2006ರಲ್ಲಿ ಎಂಟನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಅಷ್ಟೊಂದು ಕ್ಯಾಶ್, ಅದನ್ನು ಕಟ್ಟಿಟ್ಟ ರೀತಿ, ಪ್ರಯಾಣದ ವಿವರ, ಮೊದಲು ದುಡ್ಡಿಲ್ಲ ಅಂದದ್ದು, ನಾಯಿ ಸೂಚನೆ ಕೊಟ್ಟದ್ದು, ಎಲ್ಲ ಒಟ್ಟಿಗೆ ನೋಡಿದರೆ ಡ್ರಗ್ಸ್ ಸಂಬಂಧ ಇದೆ ಅಂತ ತೀರ್ಪು ಬಂತು. ಮೂವರಲ್ಲಿ ಒಬ್ಬ ಜಡ್ಜ್ ಒಪ್ಪಲಿಲ್ಲ.

ಸರ್ಕಾರ "ಅನುಮಾನಕ್ಕೆ ಎಡೆಯಿಲ್ಲದಂತೆ" ಸಾಬೀತು ಮಾಡಬೇಕಿಲ್ಲ. ಇಲ್ಲ ಅನ್ನೋದಕ್ಕಿಂತ ಇದೆ ಅನ್ನೋದು ಕೂದಲೆಳೆಯಷ್ಟು ಜಾಸ್ತಿ ತೂಗಿದರೆ ಸಾಕು. 2000ಕ್ಕೆ ಮುಂಚೆ ಇನ್ನೂ ಕಷ್ಟ ಇತ್ತು, ದುಡ್ಡು ಶುದ್ಧ ಅಂತ ಮಾಲೀಕನೇ ಸಾಬೀತು ಮಾಡಬೇಕಿತ್ತು.

ಹಾಗಂತ ಹೆದರಬೇಡಿ. ನಿಮ್ಮ ಭಾವನ ಹತ್ತಿರ ಬ್ಯಾಂಕ್ ಚೀಟಿ ಇದೆ, ಟ್ರಕ್ ಮಾರುವವನ ಮೆಸೇಜುಗಳು ಇರುತ್ತವೆ. ತೆರಿಗೆ ಲೆಕ್ಕ, ಕೇಟರಿಂಗ್ ಬಿಲ್ಲು ಎಲ್ಲವನ್ನೂ ಒಂದು ಕಡೆ ಜೋಡಿಸಿಡಿ.

ನೇರನುಡಿ:

ಯಾರೂ ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು ಮಗ್ಗುಲನ್ನೂ ಹೇಳಬೇಕು ಅನ್ನಿಸಿತು.

ನಮ್ಮ ಪಕ್ಕದ ಬೀದಿಯ ಹುಡುಗ ಫೆಂಟನಿಲ್ ಅನ್ನುವ ಡ್ರಗ್ಸ್‌ಗೆ ಬಲಿಯಾದ. ಆ ತಾಯಿಯ ಮುಖ ನೋಡಿದವರಿಗೆ ಡ್ರಗ್ಸ್ ದುಡ್ಡು ಎಲ್ಲಿ ಸಿಕ್ಕಿದರೂ ಕಿತ್ತುಕೊಳ್ಳಲಿ ಅನ್ನಿಸುತ್ತದೆ. ಡ್ರಗ್ಸ್ ಒಂದು ದಿಕ್ಕಿಗೆ ಹೋದರೆ ಕ್ಯಾಶ್ ಇನ್ನೊಂದು ದಿಕ್ಕಿಗೆ ಬರುತ್ತದೆ. ಹಣ ಸಾಗಿಸುವವನು ಸಿಕ್ಕಿಬಿದ್ದರೆ "ನಂದಲ್ಲ, ಯಾರದ್ದೋ ಗೊತ್ತಿಲ್ಲ" ಅಂತ ಸಹಿ ಹಾಕಿ ನಡೆದುಬಿಡುತ್ತಾನೆ. ಯಾರ ಮೇಲೆ ಕೇಸ್ ಹಾಕುವುದು? ಮಾಲೀಕ ದೇಶದಲ್ಲೇ ಇಲ್ಲದಿರಬಹುದು, ಸತ್ತೇ ಹೋಗಿರಬಹುದು.

ಬರ್ನಿ ಮೇಡಾಫ್ ಅನ್ನುವವನ ದೊಡ್ಡ ಹೂಡಿಕೆ ವಂಚನೆ ನೆನಪಿದೆಯಾ? ಅದರಲ್ಲಿ ಲಾಭ ಪಡೆದಿದ್ದ ಒಬ್ಬ ಹೂಡಿಕೆದಾರ ತೀರಿಕೊಂಡ ಮೇಲೆ ಅವರು ಬಿಟ್ಟುಹೋದ ಆಸ್ತಿಯಿಂದ 2.2 ಬಿಲಿಯನ್ ಡಾಲರ್ ಈ ಸಿವಿಲ್ ದಾರಿಯಲ್ಲೇ ಬಂತು. ಮೋಸ ಹೋದವರಿಗೆ ಆ ನಿಧಿಯಿಂದಲೇ ಹಂಚಿದರು. ಸತ್ತವರ ಮೇಲೆ ಕ್ರಿಮಿನಲ್ ಕೇಸ್ ನಡೆಯಲ್ಲ. ಕಾನೂನೇ ಬೇಡ ಅಂದರೆ ಇಂಥದ್ದೂ ಹೋಗುತ್ತದೆ.

ಸಹ್ಯಾದ್ರಿ:

ನೇರನುಡಿ ಅವರೇ, ಆ ತಾಯಿಯ ನೋವು ಅರ್ಥ ಆಗುತ್ತದೆ. ಮೇಡಾಫ್ ವಿಷಯವೂ ನಿಜ. ಆದರೆ ದಿನನಿತ್ಯ ನಡೆಯೋದು ಮೇಡಾಫ್ ಥರದ್ದಲ್ಲ. ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಅನ್ನುವ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತು. ಮಾಹಿತಿ ಸಿಕ್ಕಿದ 21 ರಾಜ್ಯಗಳಲ್ಲಿ ಕ್ಯಾಶ್ ಮುಟ್ಟುಗೋಲಿನ ಮಧ್ಯದ ಮೊತ್ತ 1,276 ಡಾಲರ್. ಅಂದರೆ ಅರ್ಧದಷ್ಟು ಕೇಸು ಅದಕ್ಕಿಂತ ಕಮ್ಮಿ. ಇದು ದೊಡ್ಡ ಡ್ರಗ್ಸ್ ಜಾಲಗಳ ದುಡ್ಡಾ? ತಿಂಗಳ ಬಾಡಿಗೆ ಅಷ್ಟೇ. ಅದನ್ನು ಬಿಡಿಸಿಕೊಳ್ಳಲು ವಕೀಲರನ್ನು ಇಟ್ಟರೆ ಫೀಸೇ ಅದಕ್ಕಿಂತ ಜಾಸ್ತಿ. ಹಾಗಾಗಿ ಜನ ಬಿಟ್ಟುಬಿಡುತ್ತಾರೆ. ಬಿಟ್ಟುಬಿಡುತ್ತಾರೆ ಅಂತ ಗೊತ್ತಿರುವುದರಿಂದ ಹಿಡಿಯುವವರಿಗೂ ಧೈರ್ಯ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದು ನನಗೆ ಎಲ್ಲಕ್ಕಿಂತ ಮುಖ್ಯ. 1984ರ ಕಾನೂನಿನಲ್ಲಿ ಫೆಡರಲ್ ನ್ಯಾಯ ಇಲಾಖೆಗೆ ಫಾರ್ಫೀಚರ್ ನಿಧಿ ಮಾಡಿಕೊಟ್ಟರು. ಅದರ ಜೊತೆ "ಈಕ್ವಿಟಬಲ್ ಶೇರಿಂಗ್" ಬಂತು. ಸ್ಥಳೀಯ ಪೊಲೀಸರು ಹಿಡಿದು ಫೆಡರಲ್‌ಗೆ ಒಪ್ಪಿಸಿದರೆ ಶೇಕಡಾ 80ರವರೆಗೆ ಅವರಿಗೇ ವಾಪಸ್. ತಪಾಸಣೆ ಮಾಡುವವನಿಗೇ ಅದರಲ್ಲಿ ಪಾಲು ಇದ್ದರೆ ಅವನ ಅನುಮಾನವನ್ನು ನಂಬೋದು ಹೇಗೆ? 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬಗೆದು ನೋಡಿತು. 2001ರ ಸೆಪ್ಟೆಂಬರ್ 11ರ ನಂತರ ಈ ದಾರಿಯಲ್ಲಿ, ವಾರಂಟ್ ಇಲ್ಲದೆ, ಆರೋಪಪಟ್ಟಿ ಇಲ್ಲದೆ, 61,998 ಕ್ಯಾಶ್ ಜಪ್ತಿ. ಮೊತ್ತ ಎರಡೂವರೆ ಬಿಲಿಯನ್ ಡಾಲರ್‌ಗೂ ಮೀರಿತ್ತು.

ಅದಾದ ಮೇಲೆ 2015ರ ಜನವರಿಯಲ್ಲಿ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಇದಕ್ಕೆ ಕಡಿವಾಣ ಹಾಕಿದರು. 2017ರ ಜುಲೈನಲ್ಲಿ, ಆಗ ಅದೇ ಹುದ್ದೆಯಲ್ಲಿದ್ದ ಜೆಫ್ ಸೆಷನ್ಸ್ ಆ ಕಡಿವಾಣ ಬಿಚ್ಚಿಬಿಟ್ಟರು.

ತುಂಗಾತೀರ:

ಭಾವನ ದುಡ್ಡೂ ಹೀಗೇ ಹೋಗಿದೆ ಅನ್ನಿಸುತ್ತಿದೆ. ಹಿಡಿದದ್ದು ಕೌಂಟಿ ಪೊಲೀಸರು, ಪತ್ರ ಬಂದದ್ದು ಫೆಡರಲ್‌ನಿಂದ. ಯಾಕೆ ಅಂತ ಈಗ ಗೊತ್ತಾಯಿತು.

ಇನ್ನೊಂದು ಪ್ರಶ್ನೆ. ಭಾವ ಹೂಂ ಅಂದುಬಿಟ್ಟರಲ್ಲ, ನಾಲ್ಕನೇ ತಿದ್ದುಪಡಿ ಅಲ್ಲಿಗೇ ಮುಗಿಯಿತಾ?

ಕರಿಕೋಟು:

ಬಹುಪಾಲು ಹೌದು. ಅದಕ್ಕೇ ಅವರು ಅಷ್ಟು ನಯವಾಗಿ ಕೇಳೋದು.

ರಸ್ತೆಯಲ್ಲಿ ಈ ರಕ್ಷಣೆ ಹೇಗೆ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತದೆ ನೋಡಿ. ಕಾರಿಗೆ ಮನೆಯಷ್ಟು ರಕ್ಷಣೆ ಇಲ್ಲ. 1925ರ ಕ್ಯಾರಲ್ ತೀರ್ಪಿನಿಂದಲೂ ಬಲವಾದ ಕಾರಣ ಇದ್ದರೆ ವಾರಂಟ್ ಇಲ್ಲದೆ ಕಾರನ್ನು ಶೋಧಿಸಬಹುದು. ನಿಲ್ಲಿಸುವುದಕ್ಕೆ ಸಣ್ಣ ಟ್ರಾಫಿಕ್ ತಪ್ಪು ಸಾಕು. ಪೊಲೀಸರ ಮನಸ್ಸಿನಲ್ಲಿ ಬೇರೆ ಉದ್ದೇಶ ಇದ್ದರೂ ನಡೆಯುತ್ತದೆ ಅಂತ 1996ರಲ್ಲಿ ವ್ರೆನ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಂತ ಹೊತ್ತಿನಲ್ಲಿ ಕಾರಿನ ಸುತ್ತ ನಾಯಿ ಮೂಸಿದರೆ ಅದು ಶೋಧವೇ ಅಲ್ಲ ಅಂತ 2005ರಲ್ಲಿ ಬಂತು. ನಾಯಿ ಸೂಚನೆ ಕೊಟ್ಟರೆ ಬಲವಾದ ಕಾರಣ ಸಿಕ್ಕ ಹಾಗೆ. ಇಷ್ಟರ ಮೇಲೆ ನೀವೇ ಒಪ್ಪಿದರೆ ಕಾರಣವೂ ಬೇಡ. ಬೇಡ ಅನ್ನುವ ಹಕ್ಕು ನಿಮಗಿದೆ ಅಂತ ಪೊಲೀಸರು ಹೇಳಬೇಕಾಗಿಯೂ ಇಲ್ಲ, ಅದು 1973ರ ತೀರ್ಪು. ನಮ್ಮವರಿಗೆ ಇದೇ ಗೊತ್ತಿಲ್ಲ. ಪೊಲೀಸರು ಕೇಳಿದ ಮೇಲೆ ಬೇಡ ಅಂದರೆ ಅಪರಾಧ ಆಗುತ್ತದೇನೋ ಅಂದುಕೊಳ್ಳುತ್ತಾರೆ.

ಆದರೂ ಎರಡು ಎಳೆ ಉಳಿದಿವೆ. 2015ರ ರಾಡ್ರಿಗಸ್ ಕೇಸ್, ಅದೂ ನೆಬ್ರಾಸ್ಕಾದ ಹೈವೇಯಲ್ಲಿ ಆದದ್ದು. ಟ್ರಾಫಿಕ್ ಕೆಲಸ ಮುಗಿದ ಮೇಲೆ, ಸಕಾರಣ ಅನುಮಾನ ಇಲ್ಲದೆ, ನಾಯಿಗೋಸ್ಕರ ಕಾಯಿಸುವಂತಿಲ್ಲ ಅಂತ ಜಸ್ಟಿಸ್ ಗಿನ್ಸ್‌ಬರ್ಗ್ ಬರೆದರು. ಆ ಕೇಸಿನಲ್ಲಿ ತಡೆದದ್ದು ಏಳೆಂಟು ನಿಮಿಷ, ಅದೂ ಜಾಸ್ತಿ ಆಯ್ತು ಅಂದರು. ನಿಮ್ಮ ಭಾವನಿಗೆ ಎಚ್ಚರಿಕೆ ಯಾವಾಗ ಕೊಟ್ಟರು, ಪ್ರಶ್ನೆ ಯಾವಾಗ ಕೇಳಿದರು, ಪೇಪರುಗಳನ್ನು ಆ ಹೊತ್ತಿಗೆ ವಾಪಸ್ ಕೊಟ್ಟಿದ್ದರಾ, ನಾಯಿ ಯಾವಾಗ ಬಂತು, ಇದೆಲ್ಲ ನಿಮಿಷದ ಲೆಕ್ಕ. ಅದು ಡ್ಯಾಶ್ ಕ್ಯಾಮೆರಾ, ಬಾಡಿ ಕ್ಯಾಮೆರಾದಲ್ಲಿ ಇರುತ್ತದೆ. ವಿಡಿಯೋ ಅಳಿಸಬೇಡಿ ಅಂತ ವಕೀಲರ ಮೂಲಕ ಇವತ್ತೇ ಪತ್ರ ಹಾಕಿಸಿ. ಕೆಲವು ಕಡೆ ಸ್ವಲ್ಪ ದಿನಕ್ಕೇ ಅಳಿಸಿಹೋಗುತ್ತದೆ.

ಎರಡನೆಯದು 1965ರ ತೀರ್ಪು, "1958ರ ಪ್ಲಿಮತ್ ಸೆಡಾನ್ ಕಾರು" ಅಂತಲೇ ಹೆಸರು. ಪೆನ್ಸಿಲ್ವೇನಿಯಾದಲ್ಲಿ ಕಾರು ನಿಲ್ಲಿಸಿ ಶೋಧಿಸಿದಾಗ ರಾಜ್ಯದ ಮುದ್ರೆ ಇಲ್ಲದ 31 ಪೆಟ್ಟಿಗೆ ಮದ್ಯ ಸಿಕ್ಕಿತ್ತು. ಕಾರು ಮುಟ್ಟುಗೋಲು ಹಾಕಲು ಹೊರಟರು. ಅಕ್ರಮವಾಗಿ ಶೋಧಿಸಿ ಸಿಕ್ಕಿದ ಸಾಕ್ಷ್ಯವನ್ನು ಮುಟ್ಟುಗೋಲು ಕೇಸಿನಲ್ಲೂ ಬಳಸುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ನೀವು ಕೇಳಿದ ಎರಡೂ ವಿಷಯ ಸೇರುವ ಜಾಗ ಇದೇ. ಶೋಧ ತಪ್ಪು ಅಂತ ತೋರಿಸಿದರೆ ನಾಯಿ ಕೂತದ್ದು, ಕಟ್ಟು ಸಿಕ್ಕಿದ್ದು ಯಾವುದನ್ನೂ ಅವರು ಎತ್ತುವಂತಿಲ್ಲ.

ಇದನ್ನು ಓದುವ ಉಳಿದವರಿಗೆ: ಯಾರಾದರೂ "ನೋಡಬಹುದಾ" ಅಂದರೆ ಮರ್ಯಾದೆಯಿಂದ, ಕೈ ಸ್ಟೀರಿಂಗ್ ಮೇಲಿಟ್ಟು, "ಸರ್, ಐ ಡು ನಾಟ್ ಕನ್ಸೆಂಟ್ ಟು ಎನಿ ಸರ್ಚ್" ಅನ್ನಿ. ಆಮೇಲೆ "ಆಮ್ ಐ ಫ್ರೀ ಟು ಗೋ?" ಅಂತ ಕೇಳಿ. ಅವರು ಮೀರಿ ಶೋಧಿಸಿದರೆ ಅಡ್ಡ ಹೋಗಬೇಡಿ, ತಳ್ಳಬೇಡಿ, ಸುಳ್ಳು ಹೇಳಬೇಡಿ. ಬೇಡ ಅಂದದ್ದು ಕ್ಯಾಮೆರಾದಲ್ಲಿ ಇದ್ದರೆ ಅದೇ ಮುಂದೆ ಕೋರ್ಟಿನಲ್ಲಿ ನಿಮ್ಮ ಆಧಾರ.

ಮಲ್ಲಿಗೆದಂಡೆ:

ಏರ್‌ಪೋರ್ಟ್ ವಿಷಯ ಯಾರೂ ಎತ್ತಲಿಲ್ಲ. ಅಪ್ಪ ಅಮ್ಮನ್ನ ಕರೆಸಿಕೊಳ್ಳುವವರು ಇಲ್ಲಿ ಬಹಳ ಇದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ.

ಅಮೆರಿಕದ ಒಳಗಿನ ವಿಮಾನದಲ್ಲಿ ಎಷ್ಟು ಕ್ಯಾಶ್ ಬೇಕಾದರೂ ಒಯ್ಯಬಹುದು, ಮಿತಿ ಇಲ್ಲ. ದೇಶದ ಗಡಿ ದಾಟುವಾಗಲೂ ಎಷ್ಟು ಬೇಕಾದರೂ ಒಯ್ಯಬಹುದು. ಆದರೆ 10,000 ಡಾಲರ್ ಮೀರಿದರೆ ಫಿನ್‌ಸೆನ್ 105 ಫಾರಂ ತುಂಬಿ ಹೇಳಲೇಬೇಕು. ಬರುವಾಗಲೂ ಹೌದು, ಹೋಗುವಾಗಲೂ ಹೌದು. ಮಿತಿ ತಪ್ಪಿಸೋಣ ಅಂತ ಅಪ್ಪನ ಜೇಬಿಗೆ ಒಂದಷ್ಟು, ಅಮ್ಮನ ವ್ಯಾನಿಟಿ ಬ್ಯಾಗಿಗೆ ಒಂದಷ್ಟು ಹಂಚಬೇಡಿ. ಗಡಿಯಲ್ಲಿ ವಾರಂಟ್, ಅನುಮಾನ ಯಾವುದೂ ಇಲ್ಲದೆ ಪೆಟ್ಟಿಗೆ ತೆಗೆಸುವ ಅಧಿಕಾರ ಕಸ್ಟಮ್ಸ್‌ಗೆ ಇದೆ. ಕಾಫ್ರಾದ ಅನುಕೂಲಗಳು ಕಸ್ಟಮ್ಸ್ ಕಾನೂನಿನ ಜಪ್ತಿಗಳಿಗೆ ಪೂರ್ತಿ ಅನ್ವಯಿಸುವುದೂ ಇಲ್ಲ.

1998ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಬಜಕಾಜಿಯನ್ ಕೇಸ್ ಇದರದ್ದೇ. ಒಬ್ಬರು 3,57,144 ಡಾಲರ್ ಹಿಡಿದು ದೇಶ ಬಿಡುತ್ತಿದ್ದರು. ದುಡ್ಡು ನ್ಯಾಯದ್ದೇ, ಸಾಲ ತೀರಿಸಲು ಒಯ್ಯುತ್ತಿದ್ದದ್ದು. ಹೇಳದೇ ಇದ್ದದ್ದೇ ತಪ್ಪು. ಪೂರ್ತಿ ಕಿತ್ತುಕೊಳ್ಳುವುದು ವಿಪರೀತ ದಂಡ ಆಗುತ್ತದೆ ಅಂತ ಕೋರ್ಟು 5-4ರಲ್ಲಿ ಹೇಳಿತು. ಅಷ್ಟು ದೂರ ಹೋಗಿ ಹೋರಾಡುವ ಬದಲು ಒಂದು ಫಾರಂ ತುಂಬೋದು ವಾಸಿ.

ಬ್ಯಾಂಕಿನಲ್ಲೂ ಅಷ್ಟೇ. 10,000 ದಾಟಿದರೆ ಬ್ಯಾಂಕು ವರದಿ ಮಾಡುತ್ತದೆ ಅಂತ 9,500, 9,000 ಹೀಗೆ ಬಿಡಿಬಿಡಿಯಾಗಿ ಕಟ್ಟುವುದೇ ಒಂದು ಅಪರಾಧ, ಸ್ಟ್ರಕ್ಚರಿಂಗ್ ಅಂತಾರೆ. ಅಂಗಡಿ, ಹೋಟೆಲ್ ಇಟ್ಟವರ ಖಾತೆಗಳನ್ನು ತೆರಿಗೆ ಇಲಾಖೆ ಇದೇ ಕಾರಣಕ್ಕೆ ಖಾಲಿ ಮಾಡಿತ್ತು. 2019ರಲ್ಲಿ ಕಾನೂನು ತಿದ್ದಿದ ಮೇಲೆ, ಹಣದ ಮೂಲ ಅಕ್ರಮ ಆಗಿದ್ದರೆ ಅಥವಾ ಇನ್ನೊಂದು ಅಪರಾಧ ಮುಚ್ಚಲು ಹಾಗೆ ಮಾಡಿದ್ದರೆ ಮಾತ್ರ ತೆರಿಗೆ ಇಲಾಖೆ ಜಪ್ತಿ ಮಾಡಬಹುದು. ವರದಿ ಆದರೆ ಆಗಲಿ, ಅದರಿಂದ ಏನೂ ಆಗಲ್ಲ. ಪೂರ್ತಿ ಒಂದೇ ಸಲ ಕಟ್ಟಿ.

ಸಹ್ಯಾದ್ರಿ:

ಮಲ್ಲಿಗೆದಂಡೆ ಅಕ್ಕ, ಒಳ್ಳೇ ಮಾತು ಹೇಳಿದಿರಿ. ಏರ್‌ಪೋರ್ಟಿನದು ಇನ್ನೊಂದಿದೆ. ಗೇಟಿನ ಹತ್ತಿರ ಫೆಡರಲ್ ಡ್ರಗ್ಸ್ ನಿಗ್ರಹ ಸಂಸ್ಥೆ ಡಿ.ಇ.ಎ.ಯ ಅಧಿಕಾರಿಗಳು ಬಂದು "ಬ್ಯಾಗು ನೋಡಬಹುದಾ" ಅಂತ ಕೇಳುತ್ತಿದ್ದರು. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಇದನ್ನು ಪರಿಶೀಲಿಸಿದರು. ಪ್ರಯಾಣಿಕರ ಟಿಕೆಟ್ ವಿವರ ಕೊಡುತ್ತಿದ್ದ ಒಬ್ಬ ವಿಮಾನ ಕಂಪನಿ ನೌಕರನಿಗೆ, ಸಿಕ್ಕಿದ ದುಡ್ಡಿನಲ್ಲಿ ಪಾಲು ಕೊಡುತ್ತಿದ್ದದ್ದು ಹೊರಬಿತ್ತು. 2024ರ ನವೆಂಬರಿನಲ್ಲಿ ಅಂಥ ತಪಾಸಣೆ ನಿಲ್ಲಿಸಿ ಅಂತ ಇಲಾಖೆ ಆದೇಶ ಮಾಡಿತು. ಆದೇಶ ಮಾತ್ರ, ಕಾನೂನಲ್ಲ. ಹೋಲ್ಡರ್ ಆದೇಶಕ್ಕೆ ಏನಾಯಿತು ಅಂತ ಮೇಲೆ ಹೇಳಿದ್ದೇನೆ.

ಬೆವರ್ಲಿ ಹಿಲ್ಸ್ ಕಥೆಯನ್ನೂ ಹೇಳಿಬಿಡುತ್ತೇನೆ. ಯು.ಎಸ್. ಪ್ರೈವೇಟ್ ವಾಲ್ಟ್ಸ್ ಅಂತ ಸೇಫ್ ಡೆಪಾಸಿಟ್ ಲಾಕರ್ ಕಂಪನಿ ಇತ್ತು. ಕಂಪನಿಯ ಮೇಲೆ ಆರೋಪ ಇತ್ತು, ಸರಿ. 2021ರ ಮಾರ್ಚ್‌ನಲ್ಲಿ ಎಫ್.ಬಿ.ಐ. ವಾರಂಟ್ ತಂದಿತು. ಲಾಕರಿನೊಳಗಿನ ವಸ್ತುಗಳನ್ನು ಕ್ರಿಮಿನಲ್ ಶೋಧ ಮಾಡಲು ಇದು ಅನುಮತಿ ಅಲ್ಲ ಅಂತ ಆ ವಾರಂಟಿನಲ್ಲೇ ಬರೆದಿತ್ತು. ಆದರೂ ನೂರಾರು ಗ್ರಾಹಕರ ಲಾಕರುಗಳನ್ನು ಒಂದೊಂದಾಗಿ ತೆರೆದರು. ಜೀವಮಾನದ ಉಳಿತಾಯ, ಒಡವೆ, ಉಯಿಲು, ಎಲ್ಲವನ್ನೂ ಜಾಲಾಡಿದರು, ಕ್ಯಾಶನ್ನು ನಾಯಿಗೆ ಮೂಸಿಸಿದರು. ನಂತರ ಎಂಟು ಕೋಟಿ ಡಾಲರ್‌ಗೂ ಹೆಚ್ಚು ಕ್ಯಾಶ್ ಮುಟ್ಟುಗೋಲಿಗೆ ಹೊರಟರು. ಯಾವ ಗ್ರಾಹಕನ ಮೇಲೆ ಏನು ಆರೋಪ ಅಂತ ಹೇಳಲಿಲ್ಲ. 2024ರ ಜನವರಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟು ಇದು ನಾಲ್ಕನೇ ತಿದ್ದುಪಡಿಯ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಹಳೇಮೈಸೂರು ಅವರು ಹೇಳಿದ ಬಾಸ್ಟನ್ನಿನ ಆ ಖಾಲಿ ವಾರಂಟಿನ ಮಾತು ಆ ವಾದದಲ್ಲೂ ಬಂದಿದೆ.

ಲಾಕರ್ ಇದ್ದವರು ಮೂರು ವರ್ಷ ಕಾಯಬೇಕಾಯಿತು. ತೀರ್ಪು ಬಂದಾಗ ಸಂತೋಷಪಟ್ಟೆ. ಆದರೆ ಈ ಮೂರು ವರ್ಷವನ್ನು ಅವರಿಗೆ ಯಾರು ವಾಪಸ್ ಕೊಡುತ್ತಾರೆ?

ಘಟಪ್ರಭಾ:

ನಾನು ಊರಿನಲ್ಲೇ ವಕೀಲಿಕೆ ಮಾಡುವವನು. ಚುನಾವಣೆ ಹೊತ್ತಿನಲ್ಲಿ ನಮ್ಮ ಚೆಕ್‌ಪೋಸ್ಟುಗಳಲ್ಲಿ 50,000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಸಿಕ್ಕಿ, ದಾಖಲೆ ಇಲ್ಲದಿದ್ದರೆ ಜಪ್ತಿ ಮಾಡುತ್ತಾರಲ್ಲ, ಅದು ನೆನಪಾಯಿತು. ಅಡಿಕೆ ಮಾರಿ ಬರುವವರು, ಎತ್ತು ಕೊಳ್ಳಲು ಸಂತೆಗೆ ಹೋಗುವವರು ಪಾಡು ಪಡುತ್ತಾರೆ. ಆದರೆ ಅಲ್ಲಿ ಜಿಲ್ಲೆಯಲ್ಲೇ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ಪಕ್ಷಕ್ಕೋ ಅಭ್ಯರ್ಥಿಗೋ ಸಂಬಂಧ ಇಲ್ಲ ಅಂತ ಕಂಡರೆ ಬಿಡುಗಡೆಗೆ ಆದೇಶ ಮಾಡುತ್ತದೆ. ಹಿಡಿದ ಪೊಲೀಸ್ ಠಾಣೆಗೆ ಅದರಲ್ಲಿ ಪಾಲು ಇಲ್ಲ. ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಅದೇ.

ಶೋಧದ ವಿಷಯದಲ್ಲಿ ಮಾತ್ರ ಅಮೆರಿಕ ನಮಗಿಂತ ಮುಂದೆ ಇದೆ. 1954ರ ಎಂ.ಪಿ. ಶರ್ಮಾ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಅಮೆರಿಕದ ನಾಲ್ಕನೇ ತಿದ್ದುಪಡಿಯ ಹೆಸರು ಹೇಳಿಯೇ, ಅಂಥದ್ದನ್ನು ನಮ್ಮ ಸಂವಿಧಾನ ಬರೆದವರು ಸೇರಿಸಿಲ್ಲ, ನಾವು ಎಳೆದು ತರಲು ಆಗಲ್ಲ ಅಂದಿತ್ತು. ಆ ನಿಲುವು ಸರಿದದ್ದು 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿದಾಗ. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಷ್ಟಾದರೂ ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯ ನಮ್ಮಲ್ಲಿ ನಡೆಯುತ್ತದೆ, 1974ರ ಪೂರಣ್ ಮಲ್ ತೀರ್ಪಿನಿಂದ ಹಾಗೇ ಇದೆ. ಆ ಪ್ಲಿಮತ್ ಕಾರಿನ ತೀರ್ಪು ನಮ್ಮ ಕೋರ್ಟುಗಳಲ್ಲೂ ಇರಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ನೇರನುಡಿ:

ಎಲ್ಲರ ಮಾತನ್ನೂ ಓದಿದೆ. ಮಧ್ಯದ ಮೊತ್ತ 1,276 ಡಾಲರ್ ಅನ್ನೋದು ನನಗೆ ಗೊತ್ತಿರಲಿಲ್ಲ. ಡ್ರಗ್ಸ್ ದುಡ್ಡು ಕಿತ್ತುಕೊಳ್ಳಲಿ ಅನ್ನುವ ಮಾತಿಗೆ ಈಗಲೂ ನಿಲ್ಲುತ್ತೇನೆ. ಆದರೆ ಪೊಲೀಸರಿಗೆ ಪಾಲು ಯಾಕೆ ಬೇಕು? ಬಂದ ಹಣ ವ್ಯಸನ ಬಿಡಿಸುವ ಕೇಂದ್ರಗಳಿಗೋ ಶಾಲೆಗೋ ಹೋಗಲಿ. ಅಪರಾಧ ಸಾಬೀತಾಗದೆ ಮುಟ್ಟುವಂತಿಲ್ಲ ಅಂತ ಯಾವ ರಾಜ್ಯವೂ ಮಾಡಿಲ್ವಾ?

ಹಳೇಮೈಸೂರು:

ಮಾಡಿವೆ. 2015ರಲ್ಲಿ ನ್ಯೂ ಮೆಕ್ಸಿಕೋ ಸಿವಿಲ್ ಫಾರ್ಫೀಚರ್ ತೆಗೆದುಹಾಕಿತು, ಹಣ ರಾಜ್ಯದ ಖಜಾನೆಗೆ ಹೋಗುವಂತೆ ಮಾಡಿತು. 2016ರಲ್ಲಿ ನೆಬ್ರಾಸ್ಕಾ, 2021ರಲ್ಲಿ ಮೇನ್. ಆದರೆ ಎಷ್ಟೋ ರಾಜ್ಯಗಳಲ್ಲಿ ಪೊಲೀಸರು ಫೆಡರಲ್ ದಾರಿ ಹಿಡಿದು ರಾಜ್ಯದ ಕಾನೂನನ್ನು ಪಕ್ಕಕ್ಕೆ ಸರಿಸಿಬಿಡಬಹುದು. ಹಾಗಾಗಿ ಇದನ್ನು ಫೆಡರಲ್ ಸಂಸತ್ತು ಇರುವ ವಾಷಿಂಗ್ಟನ್ನೇ ತಿದ್ದಬೇಕು, ನಮ್ಮಲ್ಲಿ ದೆಹಲಿ ಇದ್ದ ಹಾಗೆ. ಫೆಡರಲ್ ಮುಟ್ಟುಗೋಲು ಕಾನೂನು ತಿದ್ದುವ ಫೇರ್ ಆ್ಯಕ್ಟ್ ಅನ್ನುವ ಮಸೂದೆ 2023ರ ಜೂನ್‌ನಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯ ನ್ಯಾಯಾಂಗ ಸಮಿತಿಯಲ್ಲಿ 26-0ರಲ್ಲಿ ಪಾಸಾಯಿತು. ಎರಡೂ ಪಕ್ಷದವರು ಒಂದಾಗುವುದು ಈ ಕಾಲದಲ್ಲಿ ಎಷ್ಟು ಅಪರೂಪ! ಆದರೂ ಆ ಅವಧಿಯಲ್ಲಿ ಅದು ಕಾನೂನಾಗದೆ ಉಳಿಯಿತು.

ಕೋರ್ಟಿನಿಂದ ಅರ್ಧ ಸಿಹಿ, ಅರ್ಧ ಕಹಿ. 2019ರ ಟಿಂಬ್ಸ್ ತೀರ್ಪು ಸಿಹಿ. ಇಂಡಿಯಾನಾದಲ್ಲಿ ಒಬ್ಬ ಸಣ್ಣ ಪ್ರಮಾಣದ ಹೆರಾಯಿನ್ ಮಾರಿ ಸಿಕ್ಕಿಬಿದ್ದ. ತಪ್ಪು ಒಪ್ಪಿಕೊಂಡ. ಆ ಅಪರಾಧಕ್ಕೆ ಗರಿಷ್ಠ ದಂಡ 10,000 ಡಾಲರ್. ಕಿತ್ತುಕೊಂಡದ್ದು ತಂದೆಯ ವಿಮೆ ಹಣದಲ್ಲಿ ಕೊಂಡ 42,000 ಡಾಲರಿನ ಲ್ಯಾಂಡ್ ರೋವರ್. ವಿಪರೀತ ದಂಡ ಕೂಡದು ಅನ್ನುವ ಎಂಟನೇ ತಿದ್ದುಪಡಿ ರಾಜ್ಯಗಳಿಗೂ ಅನ್ವಯಿಸುತ್ತದೆ ಅಂತ ಒಂಬತ್ತೂ ಜನ ಒಪ್ಪಿದರು. 2024ರ ಕಲ್ಲಿ ತೀರ್ಪು ಕಹಿ. ಅಲಬಾಮಾದ ಇಬ್ಬರು ಹೆಂಗಸರು ತಮ್ಮ ಕಾರನ್ನು ಬೇರೆಯವರಿಗೆ ಓಡಿಸಲು ಕೊಟ್ಟಿದ್ದರು, ಅವರ ತಪ್ಪಿಗೆ ಕಾರು ಹೋಯಿತು. ಕೇಸ್ ಮುಗಿಯುವ ತನಕ ಕಾರು ಇಟ್ಟುಕೊಳ್ಳಲು ಸರ್ಕಾರಕ್ಕೆ ಆಧಾರ ಇದೆಯಾ ಅಂತ ಬೇಗ ಒಂದು ವಿಚಾರಣೆ ನಡೆಸಿ ಅಂತ ಕೇಳಿದರು. ಬೇಕಿಲ್ಲ ಅಂತ 6-3ರಲ್ಲಿ ಬಂತು. ಬಹುಮತದ ಜೊತೆಗಿದ್ದ ಜಸ್ಟಿಸ್ ಗೋರ್ಸಚ್ ಕೂಡ ಈ ಇಡೀ ಪದ್ಧತಿ ಸರಿಯೇ ಅಂತ ಬೇರೆಯಾಗಿ ಪ್ರಶ್ನೆ ಎತ್ತಿ ಬರೆದರು, ಜಸ್ಟಿಸ್ ಥಾಮಸ್ ಅದಕ್ಕೆ ಸೇರಿಕೊಂಡರು. ಮುಂದೊಂದು ದಿನ ಅದೇ ಪ್ರಶ್ನೆ ಕೋರ್ಟಿನ ಮುಂದೆ ಬರುತ್ತದೆ ಅಂತ ನನಗೆ ನಂಬಿಕೆ ಇದೆ.

ತುಂಗಾತೀರ:

ವಕೀಲರು ಸಿಕ್ಕಿದರು. ಕ್ಲೇಮ್ ಹೋಯಿತು. ವಿಡಿಯೋ ಉಳಿಸಿ ಅನ್ನುವ ಪತ್ರವೂ ಹೋಯಿತು. ಹೋದ್ರೆ ಹೋಗ್ಲಿ ಅನ್ನುತ್ತಿದ್ದ ಭಾವ ಈಗ ಕೇಟರಿಂಗ್ ಬಿಲ್ಲುಗಳನ್ನು ತಾವೇ ತಿಂಗಳವಾರು ಜೋಡಿಸುತ್ತಿದ್ದಾರೆ.

ಅಷ್ಟರಲ್ಲಿ ಸರ್ಕಾರಿ ವಕೀಲರ ಕಡೆಯಿಂದ ಒಂದು ಮಾತು ಬಂದಿದೆಯಂತೆ. ಅರ್ಧ ವಾಪಸ್ ಕೊಡ್ತೀವಿ, ಒಂದು ಕಾಗದಕ್ಕೆ ಸಹಿ ಮಾಡಿ ಅಂತ. ಅಕ್ಕ ಒಪ್ಪಿಕೊಂಡುಬಿಡೋಣ ಅಂತಾಳೆ. ಕರಿಕೋಟು ಸರ್, ಏನಂತೀರಿ?

ಕರಿಕೋಟು:

ಕ್ಲೇಮ್ ಹೋದದ್ದು ಬಹಳ ಒಳ್ಳೇದಾಯಿತು.

ಅರ್ಧದ ಮಾತು ಆಗಾಗ ಬರುತ್ತದೆ. ಒಪ್ಪೋದು ಬಿಡೋದು ಮನೆಯವರ ತೀರ್ಮಾನ, ಅವರ ಕಷ್ಟ ಅವರಿಗೇ ಗೊತ್ತು. ಆದರೆ ಸಹಿಗೆ ಮುಂಚೆ ಆ ಕಾಗದದಲ್ಲಿ ಮೂರು ವಿಷಯ ಹುಡುಕಲು ನಿಮ್ಮ ವಕೀಲರಿಗೆ ಹೇಳಿ. ಪೊಲೀಸರ ಮೇಲೆ, ಕೌಂಟಿ ಮೇಲೆ ಮುಂದೆ ದಾವೆ ಹಾಕಲ್ಲ ಅಂತ ಬರೆಸಿಕೊಳ್ಳುತ್ತಿದ್ದಾರಾ? ದುಡ್ಡು ಅಪರಾಧಕ್ಕೆ ಸಂಬಂಧಿಸಿದ್ದು ಅಂತ ಭಾವನ ಬಾಯಲ್ಲಿ ಹೇಳಿಸುವ ಸಾಲು ಇದೆಯಾ? ಇದ್ದರೆ ಇಮಿಗ್ರೇಷನ್ ದೃಷ್ಟಿಯಿಂದ ಬೇಡವೇ ಬೇಡ. ಮೂರನೆಯದು ವಕೀಲರ ಫೀಸು. ಕಾಫ್ರಾ ಪ್ರಕಾರ ಮಾಲೀಕ ಗೆದ್ದರೆ ಸರ್ಕಾರ ಫೀಸು ಕೊಡಬೇಕು. ರಾಜಿಯಲ್ಲಿ ಅದು ಸಾಮಾನ್ಯವಾಗಿ ಹೋಗುತ್ತದೆ. ಕೇಸ್ ದುರ್ಬಲ ಅಂತ ಕಂಡರೆ ಸರ್ಕಾರವೇ ತೀರ್ಪಿಗೆ ಮುಂಚೆ ಹಿಂತೆಗೆದುಕೊಂಡು, ಯಾರೂ ಗೆದ್ದಿಲ್ಲ, ಫೀಸು ಕೊಡಲ್ಲ ಅಂತ ವಾದಿಸಿದ್ದೂ ಇದೆ.

ನಾನಾಗಿದ್ದರೆ ಆ ವಿಡಿಯೋ ನೋಡದೆ ಉತ್ತರ ಕೊಡುತ್ತಿರಲಿಲ್ಲ. ಎಚ್ಚರಿಕೆ ಕೊಟ್ಟು ಮುಗಿದ ಮೇಲೆ ಎಷ್ಟು ನಿಮಿಷ ನಿಲ್ಲಿಸಿದ್ದರು ಅಂತ ಗೊತ್ತಾದರೆ ಅರ್ಧವೋ ಪೂರ್ತಿಯೋ ಅಂತ ಮಾತಾಡಲು ನಿಮ್ಮ ಕೈ ಮೇಲಿರುತ್ತದೆ. ಸರ್ಕಾರ ದಾವೆ ಹೂಡಿದರೆ ಕೋರ್ಟಿನಲ್ಲಿ ಮತ್ತೊಮ್ಮೆ ಕ್ಲೇಮ್ ಹಾಕಬೇಕು. ಅದಾಗಿ 21 ದಿನದೊಳಗೆ ಉತ್ತರವನ್ನೂ ಕೊಡಬೇಕು. ಮೊದಲನೇ ಸಲ ಹಾಕಿದ್ದೇವಲ್ಲ ಅಂತ ಸುಮ್ಮನಿದ್ದು ಅಲ್ಲಿ ಸೋತವರಿದ್ದಾರೆ. ಆ ದಿನಾಂಕಗಳನ್ನು ಈಗಲೇ ಅಕ್ಕನ ಫೋನಿನಲ್ಲೂ ಹಾಕಿಸಿಡಿ.